ಪಿಸಿಓಡಿ, ಬಸಿರು, ಶುಗರ್: ಮೂರಕ್ಕೂ ಎಳೆ ಒಂದೇ ಎಂದು ತಿಳಿಯಲು ಹಿಡಿದ ಕಾಲ

ಪಿಸಿಓಡಿ ಎಂಬ ಮಾತು ಈಗ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುವುದಿಲ್ಲ, ಗಲ್ಲದ ಮೇಲೆ ಕೂದಲು, ಮೊಡವೆ, ಏರುವ ತೂಕ, ಮದುವೆಯಾಗಿ ಮೂರ್ನಾಲ್ಕು ವರ್ಷವಾದರೂ ಮಗುವಿಲ್ಲ. ಪೇಟೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದರೆ "ಅಂಡಾಶಯದಲ್ಲಿ ನೀರುಗುಳ್ಳೆ ಇವೆ" ಎನ್ನುತ್ತಾರೆ. ಇದನ್ನೇ ವೈದ್ಯರು ಪಿಸಿಓಎಸ್ ಎಂದೂ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 8ರಿಂದ 13 ಮಂದಿಗೆ ಈ ತೊಂದರೆ ಇದೆ.

ಮಾತ್ರೆ ನುಂಗಿ, ಹರಕೆ ಹೊತ್ತು, ಕೊನೆಗೂ ಗರ್ಭ ನಿಂತಿತು ಎನ್ನಿ. ಮನೆಯವರಿಗೆಲ್ಲ ಸಂತೋಷ. ಪಿಸಿಓಡಿಯ ಫೈಲು ಅವತ್ತೇ ಬೀರು ಸೇರುತ್ತದೆ. ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ಮಾಡಿಸುತ್ತಾರೆ. ಹಳೆಯ ಫೈಲಿಗೂ ಹೊಸ ಕಾರ್ಡಿಗೂ ಸಂಬಂಧವಿದೆ ಎಂದು ಹೆಚ್ಚಿನವರಿಗೆ ಯಾರೂ ಹೇಳುವುದಿಲ್ಲ.

ಸಂಬಂಧ ಇದೆ. ಪಿಸಿಓಡಿ ಇದ್ದವರಿಗೆ ಬಸಿರಿನಲ್ಲಿ ಶುಗರ್ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಎಲ್ಲರಿಗೂ ಬಂದೇ ಬರುತ್ತದೆ ಎಂದಲ್ಲ. ಆದರೆ ಎಲ್ಲರೂ ನೋಡಿಸಿಕೊಳ್ಳಲೇಬೇಕು. ಈ ಒಂದು ಮಾತನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಚರಿತ್ರೆಯಲ್ಲಿ ಇಟಲಿಯ ಒಬ್ಬ ರೈತ ಹೆಣ್ಣುಮಗಳು ಇದ್ದಾಳೆ, ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯ ಹಳೆಯ ದಾಖಲೆಗಳೂ ಇವೆ. ಅದನ್ನು ನಾವು ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಗುಳ್ಳೆಯ ಕಥೆ

1721ರಲ್ಲಿ ಇಟಲಿಯ ಆಂಟೋನಿಯೊ ವಾಲಿಸ್ನೇರಿ ಎಂಬ ವೈದ್ಯ ಒಬ್ಬ ರೈತ ಹೆಂಗಸಿನ ಬಗ್ಗೆ ಬರೆದಿಟ್ಟ. ಚಿಕ್ಕ ವಯಸ್ಸು, ಮದುವೆಯಾಗಿದೆ, ಮೈ ಸ್ವಲ್ಪ ದಪ್ಪ, ಮಕ್ಕಳಿಲ್ಲ. ಅವಳ ಅಂಡಾಶಯಗಳು ಸಾಮಾನ್ಯಕ್ಕಿಂತ ದೊಡ್ಡವಾಗಿ, ಬಿಳಿಚಿಕೊಂಡು, ಪಾರಿವಾಳದ ಮೊಟ್ಟೆಯಂತೆ ಹೊಳೆಯುತ್ತಿದ್ದವು ಎಂದು ಅವನ ಟಿಪ್ಪಣಿ. ಪಿಸಿಓಡಿಯ ಬಗ್ಗೆ ಸಿಗುವ ಬಹಳ ಹಳೆಯ ವಿವರಣೆ ಇದು ಎನ್ನುತ್ತಾರೆ. ಆಗ ಇದಕ್ಕೆ ಹೆಸರೂ ಇರಲಿಲ್ಲ, ಮದ್ದೂ ಇರಲಿಲ್ಲ.

ಸರಿಯಾಗಿ ಇನ್ನೂರು ವರ್ಷ ಕಳೆದು, 1921ರಲ್ಲಿ, ಫ್ರಾನ್ಸಿನ ಅಶಾರ್ ಮತ್ತು ತಿಯೆರ್ ಎಂಬ ವೈದ್ಯರು ಗಡ್ಡ ಬೆಳೆದ ಹೆಂಗಸರಲ್ಲಿ ಸಕ್ಕರೆ ಕಾಯಿಲೆಯನ್ನು ಕಂಡು ವರದಿ ಬರೆದರು. ಗಂಡಿನ ಹಾರ್ಮೋನಿನ ಲಕ್ಷಣಕ್ಕೂ ಸಕ್ಕರೆಗೂ ನಂಟಿರಬಹುದು ಎಂಬ ಸುಳಿವು ಅಲ್ಲೇ ಇತ್ತು. ಆದರೆ ಅದನ್ನು ಅಪರೂಪದ ಸಂಗತಿ ಎಂದು ಬದಿಗಿಟ್ಟರು.

ಹೆಸರು ಬಂದದ್ದು 1935ರಲ್ಲಿ. ಅಮೆರಿಕದ ಶಿಕಾಗೊ ನಗರದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಎಂಬ ಹೆರಿಗೆ ವೈದ್ಯರು ಏಳು ಮಂದಿ ಹೆಂಗಸರ ವಿವರ ಪ್ರಕಟಿಸಿದರು. ಮುಟ್ಟು ನಿಂತುಹೋಗಿತ್ತು, ಅಂಡಾಶಯಗಳು ಊದಿದ್ದವು. ವೈದ್ಯರು ಆಪರೇಷನ್ ಮಾಡಿ ಅಂಡಾಶಯದ ಒಂದು ತುಣುಕನ್ನು ಕತ್ತರಿಸಿ ತೆಗೆದರು. ಏಳೂ ಜನರಿಗೆ ಮುಟ್ಟು ಮತ್ತೆ ಶುರುವಾಯಿತು, ಇಬ್ಬರು ಬಸಿರಾದರು. ಮುಂದೆ ಹಲವು ದಶಕ ಈ ತೊಂದರೆಯನ್ನು ಸ್ಟೈನ್-ಲೆವೆಂಥಾಲ್ ಎಂದೇ ಕರೆದರು.

ಇಲ್ಲಿಂದ ಒಂದು ತಪ್ಪು ತಿಳಿವಳಿಕೆಯೂ ಬೇರು ಬಿಟ್ಟಿತು. ಗುಳ್ಳೆಯೇ ರೋಗ, ಅಂಡಾಶಯವೇ ಅದರ ಮನೆ, ಮಗುವಾದರೆ ರೋಗ ಮುಗಿಯಿತು ಎಂಬ ತಿಳಿವಳಿಕೆ. ನಿಜ ಹೇಳಬೇಕೆಂದರೆ ಸ್ಕ್ಯಾನಿಂಗಿನಲ್ಲಿ ಕಾಣುವುದು ಗಡ್ಡೆಯಂಥ ಗುಳ್ಳೆಯಲ್ಲ. ಅರ್ಧ ಬೆಳೆದು, ಬಲಿತು ಹೊರಬರಲಾಗದೆ ನಿಂತ ಅಂಡದ ಚೀಲಗಳು ಅವು. ಹೊಲದಲ್ಲಿ ತೆನೆ ಕಟ್ಟದೆ ನಿಂತ ಪೈರಿನ ಹಾಗೆ. ಪೈರು ಯಾಕೆ ಹಾಗಾಯಿತು ಎಂದು ತಿಳಿಯಲು ನೆಲ, ನೀರು ನೋಡಬೇಕು. ಆ ಕಾಲದ ವೈದ್ಯರು ನೋಡುತ್ತಿದ್ದದ್ದು ಪೈರನ್ನು ಮಾತ್ರ.

1960ರ ದಶಕದಲ್ಲಿ ಕ್ಲೋಮಿಫಿನ್ ಎಂಬ ಮಾತ್ರೆ ಬಂತು. ಕತ್ತರಿ ಹಾಕದೆ ಅಂಡ ಬಿಡಿಸುವ ದಾರಿ ಸಿಕ್ಕಿತು. ಮಕ್ಕಳಾಗದವರು ಹೆಚ್ಚು ಸಂಖ್ಯೆಯಲ್ಲಿ ಬಸಿರಾದರು. ಬಸಿರಾದ ಮೇಲೆ ಅವರ ಮೈಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಎದ್ದದ್ದು ಆಮೇಲೆ.

ಸಕ್ಕರೆಯ ಕಥೆ

ಸಕ್ಕರೆ ಕಾಯಿಲೆ ನಮ್ಮ ನೆಲಕ್ಕೆ ಬಹಳ ಹಳೆಯ ಪರಿಚಯ. ಚರಕ, ಸುಶ್ರುತರ ಗ್ರಂಥಗಳಲ್ಲಿ ಮಧುಮೇಹದ ವಿವರವಿದೆ. ಹುಟ್ಟಿನಿಂದಲೇ ಬರುವುದು ಒಂದು ಬಗೆ, ಊಟ-ಬದುಕಿನ ರೀತಿಯಿಂದ ಬರುವುದು ಇನ್ನೊಂದು ಬಗೆ ಎಂದು ಸುಶ್ರುತ ಸಂಹಿತೆ ಬೇರ್ಪಡಿಸಿ ಹೇಳುತ್ತದೆ.

ಬಸಿರಿನಲ್ಲಿ ಬಂದು ಹೆರಿಗೆಯ ನಂತರ ಮರೆಯಾಗುವ ಸಕ್ಕರೆಯನ್ನು ದಾಖಲಿಸಿದ್ದು ಜರ್ಮನಿಯಲ್ಲಿ. 1823ರಲ್ಲಿ ಬರ್ಲಿನ್ನಿನ ಬೆನೆವಿಟ್ಸ್ ಎಂಬ ಯುವ ವೈದ್ಯನ ಬಳಿಗೆ 22 ವರ್ಷದ ಬಸುರಿಯೊಬ್ಬಳು ಬಂದಳು. ಅದು ಐದನೇ ಬಸಿರು. ತಡೆಯಲಾರದ ದಾಹ, ಪದೇ ಪದೇ ಮೂತ್ರ, ಮೂತ್ರದಲ್ಲಿ ಸಕ್ಕರೆ. ಹುಟ್ಟಿದ ಮಗು ಬಹಳ ದೊಡ್ಡದು, 12 ಪೌಂಡ್, ಅಂದರೆ ಐದೂವರೆ ಕಿಲೊಗ್ರಾಂ ಹತ್ತಿರ. ಹೆರಿಗೆಯಲ್ಲೇ ತೀರಿಕೊಂಡಿತು. ತಾಯಿಯ ದಾಹ, ಸಕ್ಕರೆ ಎಲ್ಲವೂ ಹೆರಿಗೆಯ ನಂತರ ಹೋಯಿತು. ಬೆನೆವಿಟ್ಸ್ ಇದನ್ನೇ ತನ್ನ ಪ್ರಬಂಧವಾಗಿ ಬರೆದ.

ನಮ್ಮಲ್ಲಿ ಇಂದಿಗೂ ದೊಡ್ಡ ಮಗು ಹುಟ್ಟಿದರೆ "ಒಳ್ಳೇ ದುಂಡಗಿದೆ, ಕಣ್ಣು ಬಿದ್ದೀತು" ಎಂದು ದೃಷ್ಟಿ ತೆಗೆಯುತ್ತಾರೆ. ನಾಲ್ಕು ಕಿಲೊ ದಾಟಿದ ಮಗು ತಾಯಿಯ ಶುಗರಿನ ಗುರುತೂ ಆಗಿರಬಹುದು ಎಂಬುದು ಆ ಬರ್ಲಿನ್ ಹೆರಿಗೆಯ ಕಾಲದಿಂದ ಬಂದಿರುವ ಪಾಠ.

ಇನ್ಸುಲಿನ್ ಬರುವ ಮೊದಲು ಸಕ್ಕರೆ ಕಾಯಿಲೆಯ ಹೆಂಗಸರು ಬಸಿರಾಗುವುದೇ ಕಡಿಮೆ. ಆದರೂ ಎಷ್ಟೋ ತಾಯಂದಿರು ಸಾಯುತ್ತಿದ್ದರು. 1882ರಲ್ಲಿ ಲಂಡನ್ನಿನ ಮ್ಯಾಥ್ಯೂಸ್ ಡಂಕನ್ ಎಂಬ ವೈದ್ಯ ಇಂಥ 22 ಬಸಿರುಗಳ ಲೆಕ್ಕ ಹಾಕಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಉಳಿದಿರಲಿಲ್ಲ. 1921-22ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಅವರ ಜೊತೆಗಾರರು ಇನ್ಸುಲಿನ್ ತೆಗೆದು ರೋಗಿಗೆ ಕೊಟ್ಟ ಮೇಲೆ ತಾಯಂದಿರು ಉಳಿಯತೊಡಗಿದರು. ಆದರೆ ಮಕ್ಕಳ ಸಾವು ತಟ್ಟನೆ ನಿಲ್ಲಲಿಲ್ಲ.

ಮಕ್ಕಳಿಗಾಗಿ ದುಡಿದವರಲ್ಲಿ ದೊಡ್ಡ ಹೆಸರು ಬಾಸ್ಟನ್ನಿನ ಪ್ರಿಸಿಲ್ಲಾ ವೈಟ್ ಎಂಬ ವೈದ್ಯೆಯದು. 1920ರ ದಶಕದಿಂದ ಸುಮಾರು ಐವತ್ತು ವರ್ಷ ಆಕೆ ಸಕ್ಕರೆ ಇರುವ ಬಸುರಿಯರನ್ನೇ ನೋಡಿಕೊಂಡರು. ಇನ್ಸುಲಿನ್ ಸರಿಯಾದ ಪ್ರಮಾಣದಲ್ಲಿ ಕೊಟ್ಟು, ಊಟ ಅಳತೆ ಮಾಡಿ, ಮೇಲಿಂದ ಮೇಲೆ ಪರೀಕ್ಷೆ ಮಾಡಿದರೆ ಹತ್ತರಲ್ಲಿ ಒಂಬತ್ತು ಮಕ್ಕಳನ್ನು ಉಳಿಸಬಹುದು ಎಂದು ತೋರಿಸಿಕೊಟ್ಟರು.

ತಾಯಿಯ ಸಕ್ಕರೆ ಮಗುವಿಗೆ ಹೇಗೆ ತಾಗುತ್ತದೆ ಎಂಬುದನ್ನು 1950ರ ದಶಕದಲ್ಲಿ ಡೆನ್ಮಾರ್ಕಿನ ಯಾರ್ಗನ್ ಪೀಡರ್ಸನ್ ಬಿಡಿಸಿ ಹೇಳಿದರು. ತಾಯಿಯ ರಕ್ತದ ಸಕ್ಕರೆ ಮಾಸಿನ ಮೂಲಕ ಮಗುವಿಗೆ ದಾಟುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಮಗು ತನ್ನದೇ ಇನ್ಸುಲಿನ್ನನ್ನು ಅತಿಯಾಗಿ ತಯಾರಿಸುತ್ತದೆ. ಹೆಚ್ಚಿನ ಸಕ್ಕರೆ, ಹೆಚ್ಚಿನ ಇನ್ಸುಲಿನ್ ಸೇರಿ ಮಗುವಿನ ಮೈಯಲ್ಲಿ ಕೊಬ್ಬು ಕೂರುತ್ತದೆ. ಹೆರಿಗೆಯಾಗಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಆಗ ಮಗುವಿನ ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಶುಗರ್ ಇದ್ದ ತಾಯಿಯ ಮಗುವಿಗೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ ಎಂದು ನರ್ಸ್ ಅವಸರ ಮಾಡುವುದು, ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ನೋಡುವುದು ಇದೇ ಕಾರಣಕ್ಕೆ.

ಎರಡು ಕಥೆ ಸೇರಿದ್ದು

ಹೀಗೆ ಗುಳ್ಳೆಯನ್ನು ನೋಡುವ ವೈದ್ಯರು ಒಂದು ಕಡೆ, ಸಕ್ಕರೆಯನ್ನು ನೋಡುವ ವೈದ್ಯರು ಇನ್ನೊಂದು ಕಡೆ. ಇಬ್ಬರೂ ನೋಡುತ್ತಿದ್ದದ್ದು ಎಷ್ಟೋ ಸಲ ಒಂದೇ ಹೆಂಗಸನ್ನು. 1980ರಲ್ಲಿ ಅಮೆರಿಕದ ಮೆಂಫಿಸ್ ನಗರದ ಬರ್ಗನ್, ಗಿವನ್ಸ್ ಮತ್ತು ಕಿತಾಬ್ಚಿ ಎಂಬ ಸಂಶೋಧಕರು ಪಿಸಿಓಎಸ್ ಇರುವವರ ರಕ್ತದಲ್ಲಿ ಇನ್ಸುಲಿನ್ ಅಳೆದರು. ಅದು ಜಾಸ್ತಿ ಇತ್ತು. ಇನ್ಸುಲಿನ್ ಹೆಚ್ಚಿದ್ದಷ್ಟೂ ಗಂಡಿನ ಹಾರ್ಮೋನೂ ಹೆಚ್ಚಿತ್ತು.

ಇದನ್ನು ನಮ್ಮ ಕೆರೆಯ ಲೆಕ್ಕದಲ್ಲಿ ಹೇಳುತ್ತೇವೆ. ಕೆರೆಯ ನೀರು ಗದ್ದೆಗೆ ಹೋಗಬೇಕಾದರೆ ನೀರುಗಂಟಿ ತೂಬು ಎತ್ತಬೇಕು. ರಕ್ತದಲ್ಲಿರುವ ಸಕ್ಕರೆ ಮೈಯ ಕಣಗಳಿಗೆ ಹೋಗಲು ತೂಬು ಎತ್ತುವ ನೀರುಗಂಟಿಯೇ ಇನ್ಸುಲಿನ್. ಪಿಸಿಓಎಸ್ ಇರುವ ಬಹಳ ಮಂದಿಯಲ್ಲಿ ತೂಬು ತುಕ್ಕು ಹಿಡಿದಂತೆ ಬಿಗಿಯಾಗಿರುತ್ತದೆ. ಒಬ್ಬ ಎತ್ತುವ ಕಡೆ ಮೂವರು ಬೇಕು. ಮೈ ಆ ಮೂವರನ್ನೂ ಕಳಿಸುತ್ತದೆ, ಸಕ್ಕರೆ ಸದ್ಯಕ್ಕೆ ಹತೋಟಿಯಲ್ಲಿರುತ್ತದೆ. ಆದರೆ ಹೆಚ್ಚಾದ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡಿನ ಹಾರ್ಮೋನನ್ನು ಹೆಚ್ಚಿಸುತ್ತದೆ. ಅಂಡ ಬಲಿಯುವುದಿಲ್ಲ. ಗಲ್ಲದ ಕೂದಲು, ತಪ್ಪುವ ಮುಟ್ಟು ಎಲ್ಲ ಅಲ್ಲಿಂದ ಬಂದದ್ದು. ಕತ್ತಿನ ಹಿಂದೆ ಮಖಮಲ್ಲಿನಂಥ ಕಪ್ಪು ಬರುತ್ತದಲ್ಲ, ಕೊಳೆ ಎಂದು ಎಷ್ಟೋ ಹುಡುಗಿಯರು ಕಲ್ಲಿನಿಂದ ಉಜ್ಜುತ್ತಾರೆ, ಅದೂ ಈ ಹೆಚ್ಚಿದ ಇನ್ಸುಲಿನ್ನಿನ ಗುರುತೇ.

ಈಗ ಬಸಿರು ಸೇರಿಸಿ. ಬಸಿರಿನ ಎರಡನೇ ಭಾಗದಲ್ಲಿ ಪ್ರತಿ ಹೆಂಗಸಿನ ತೂಬೂ ಸ್ವಲ್ಪ ಬಿಗಿಯಾಗುತ್ತದೆ. ಮಗುವಿಗೆ ಸಕ್ಕರೆ ಉಳಿಯಲಿ ಎಂದು ಮಾಸಿನ ಹಾರ್ಮೋನುಗಳು ಹಾಗೆ ಮಾಡುತ್ತವೆ. ಮೊದಲೇ ತೂಬು ಬಿಗಿ ಇದ್ದವಳಿಗೆ ಇದು ಎರಡನೇ ಹೊರೆ. ಅವಳ ಮೈ ಇನ್ನಷ್ಟು ಇನ್ಸುಲಿನ್ ತಯಾರಿಸಲಾಗದೆ ಸೋತಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ತೆಳ್ಳಗಿರುವ ಪಿಸಿಓಎಸ್ ಹೆಂಗಸರಿಗೂ ಇದು ಆಗಬಹುದು. "ಅವಳು ಕಡ್ಡಿಯಂತಿದ್ದಾಳೆ, ಅವಳಿಗೆಂಥ ಶುಗರ್" ಎಂದು ಬಿಡುವಂತಿಲ್ಲ.

ಗೆರೆ ಎಲ್ಲಿ ಎಳೆಯಬೇಕು?

ಬಸಿರಿನಲ್ಲಿ ಸಕ್ಕರೆ ಎಷ್ಟಿದ್ದರೆ ಹೆಚ್ಚು? ಇದಕ್ಕೆ ಮೊದಲು ಲೆಕ್ಕದ ಉತ್ತರ ಕೊಟ್ಟವರು ಬಾಸ್ಟನ್ನಿನ ಜಾನ್ ಓಸುಲಿವನ್. 752 ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ಮೂರು ಗಂಟೆಯವರೆಗೆ ರಕ್ತ ಪರೀಕ್ಷಿಸಿ, ಅಂಕಿ-ಅಂಶ ತಜ್ಞೆ ಕ್ಲೇರ್ ಮಾಹನ್ ಜೊತೆ 1964ರಲ್ಲಿ ಗೆರೆ ಎಳೆದರು. ಆ ಗೆರೆ ಮಗುವಿನ ಅಪಾಯ ನೋಡಿ ಎಳೆದದ್ದಲ್ಲ. ಯಾವ ತಾಯಿಗೆ ಮುಂದೆ ಸಕ್ಕರೆ ಕಾಯಿಲೆ ಬರುತ್ತದೆ ಎಂದು ನೋಡಿ ಎಳೆದದ್ದು. ಬಸಿರಿನ ಶುಗರ್ ಎಂದರೆ ತಾಯಿಯ ಮುಂದಿನ ಬದುಕಿಗೆ ಸಿಕ್ಕ ಮುನ್ಸೂಚನೆ ಎಂಬ ಮಾತು ಮೊದಲ ದಿನದಿಂದಲೇ ಇತ್ತು.

ಇಷ್ಟು ಸಣ್ಣ ಏರಿಕೆಗೆ ಚಿಕಿತ್ಸೆ ಮಾಡಿ ಏನು ಲಾಭ ಎಂದು ಬಹಳ ವೈದ್ಯರು ಕೇಳುತ್ತಿದ್ದರು. 2005ರಲ್ಲಿ ಆಸ್ಟ್ರೇಲಿಯಾದಿಂದ ಉತ್ತರ ಬಂತು. ಸುಮಾರು ಸಾವಿರ ಬಸುರಿಯರಲ್ಲಿ ಅರ್ಧ ಮಂದಿಗೆ ಊಟದ ಸಲಹೆ, ರಕ್ತ ಪರೀಕ್ಷೆ, ಬೇಕಾದರೆ ಇನ್ಸುಲಿನ್ ಕೊಟ್ಟರು. ಉಳಿದವರಿಗೆ ಮಾಮೂಲಿ ಆರೈಕೆ. ಮಗುವಿಗೆ ಗಂಭೀರ ತೊಂದರೆ ಆಗುವುದು ನೂರಕ್ಕೆ 4ರಿಂದ 1ಕ್ಕೆ ಇಳಿಯಿತು. 2008ರಲ್ಲಿ ಒಂಬತ್ತು ದೇಶಗಳ ಸುಮಾರು 25,000 ಬಸುರಿಯರ ಅಧ್ಯಯನ ಇನ್ನೊಂದು ಸಂಗತಿ ಹೇಳಿತು. ಸಕ್ಕರೆ ಏರಿದಂತೆಲ್ಲ ಅಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇಲ್ಲಿಯವರೆಗೆ ಕ್ಷೇಮ ಎಂಬ ಖಚಿತ ಗೆರೆ ಇಲ್ಲ. ಆ ಒಂಬತ್ತು ದೇಶಗಳಲ್ಲಿ ಭಾರತ ಇರಲಿಲ್ಲ. ಭಾರತದ ತಾಯಂದಿರ ಕಥೆಯನ್ನು ಹೇಳಿದವುಗಳಲ್ಲಿ ಮೈಸೂರಿನ ಕೆಲಸ ಮುಖ್ಯವಾದದ್ದು.

ಮೈಸೂರಿನ ಮಿಷನ್ ಆಸ್ಪತ್ರೆಯ ದಾಖಲೆಗಳು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದ ದಾಖಲೆಗಳು ಉಳಿದಿದ್ದವು. ಹೆರಿಗೆ ಕೋಣೆಯಲ್ಲಿ ಯಾರೋ ನರ್ಸುಗಳು ದಿನದಿನವೂ ಬರೆದಿಟ್ಟ ಅಂಕಿಗಳು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು ಆ ಮಕ್ಕಳನ್ನು ಹುಡುಕಿಕೊಂಡು ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆ ಮನೆ ತಿರುಗಿದರು. ಅಷ್ಟರಲ್ಲಿ ಆ ಮಕ್ಕಳಿಗೆ ನಲವತ್ತು, ಐವತ್ತು ವಯಸ್ಸು. ಹಾಗೆ ಸಿಕ್ಕ 506 ಜನರ ರಕ್ತ ಪರೀಕ್ಷೆಯ ಫಲಿತಾಂಶ 1998ರಲ್ಲಿ ಪ್ರಕಟವಾಯಿತು.

ಸಣ್ಣದಾಗಿ, ಬಡಕಲಾಗಿ ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದು ಇಂಗ್ಲೆಂಡಿನ ಅನುಭವ. ಮೈಸೂರಿನಲ್ಲಿ ಚಿತ್ರ ಬೇರೆಯಾಗಿತ್ತು. ಹುಟ್ಟುವಾಗ ಉದ್ದ ಕಡಿಮೆ ಇದ್ದು ದುಂಡಗಿದ್ದವರಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಕಾಯಿಲೆ ಹೆಚ್ಚು. ಆ ತಾಯಂದಿರಿಗೆ ಬಸಿರಿನಲ್ಲಿ ಯಾರೂ ಪತ್ತೆ ಮಾಡದ ಸಕ್ಕರೆ ಇದ್ದಿರಬಹುದು ಎಂದು ಸಂಶೋಧಕರು ಊಹಿಸಿದರು.

ಊಹೆಯನ್ನು ಪರೀಕ್ಷಿಸಲು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹೊಸ ಅಧ್ಯಯನ ಶುರುವಾಯಿತು. ಅದರ ಹೆಸರು ಪಾರ್ಥೆನಾನ್. 830 ಬಸುರಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿದಾಗ ನೂರಕ್ಕೆ ಸುಮಾರು 6 ಮಂದಿಯಲ್ಲಿ ಶುಗರ್ ಸಿಕ್ಕಿತು. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ತಾಯಿ-ಮಕ್ಕಳನ್ನು ವರ್ಷಾನುಗಟ್ಟಲೆ ಬಿಡದೆ ಹಿಂಬಾಲಿಸಿದರು. ಶುಗರ್ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬು, ಇನ್ಸುಲಿನ್ ಎರಡೂ ಹೆಚ್ಚಿದ್ದವು. ತಾಯಂದಿರ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುವಂಥದ್ದು. ಬಸಿರಿನಲ್ಲಿ ಶುಗರ್ ಬಂದಿದ್ದವರಲ್ಲಿ ನೂರಕ್ಕೆ 37 ಮಂದಿಗೆ ಐದೇ ವರ್ಷದಲ್ಲಿ ಖಾಯಂ ಸಕ್ಕರೆ ಕಾಯಿಲೆ ಬಂದಿತ್ತು. ಬಾರದಿದ್ದವರಲ್ಲಿ ಇದು ನೂರಕ್ಕೆ 2.

ಆ ಅಧ್ಯಯನದಲ್ಲಿ ಶುಗರ್ ಬಂದ ತಾಯಂದಿರ ಸಂಖ್ಯೆ ಸಣ್ಣದು, ಅದನ್ನು ಮರೆಯಬಾರದು. ಆದರೆ ಬಾಸ್ಟನ್ನಿನಲ್ಲಿ ಓಸುಲಿವನ್ ಹೇಳಿದ ಮಾತನ್ನೇ ಮೈಸೂರು ನಮ್ಮ ಹೆಣ್ಣುಮಕ್ಕಳ ಲೆಕ್ಕದಲ್ಲಿ ಹೇಳಿತು. ಹೆರಿಗೆಯಾದ ಮೇಲೂ ಕಥೆ ಮುಗಿಯುವುದಿಲ್ಲ.

ಒಂದು ಲೋಟ ಗ್ಲೂಕೋಸ್

ಬಾಸ್ಟನ್ನಿನ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಮೂರ್ನಾಲ್ಕು ಸಲ ರಕ್ತ ಕೊಡಬೇಕು. ಹೊಲದ ಕೆಲಸ ಬಿಟ್ಟು, ಬೆಳಗಿನ ಬಸ್ಸು ಹಿಡಿದು, ಹಸಿದ ಹೊಟ್ಟೆಯಲ್ಲಿ ಬಸುರಿಯೊಬ್ಬಳು ಎಷ್ಟು ಸಲ ಬಂದಾಳು? ಚೆನ್ನೈನ ವೈದ್ಯ ವಿ. ಶೇಷಯ್ಯ ಮತ್ತು ಸಂಗಡಿಗರು ಈ ಕಷ್ಟವನ್ನೇ ಎದುರಿಗಿಟ್ಟುಕೊಂಡು ಸರಳ ದಾರಿ ಮಾಡಿದರು. ಊಟ ಮಾಡಿರಲಿ, ಬಿಟ್ಟಿರಲಿ, 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕಲಸಿ ಕುಡಿಯುವುದು. ಎರಡು ಗಂಟೆ ಬಿಟ್ಟು ಒಂದೇ ಸಲ ರಕ್ತ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಸಿರಿನ ಶುಗರ್ ಇದೆ ಎಂದು ಅರ್ಥ. 2007ರಲ್ಲಿ ತಮಿಳುನಾಡು ಎಲ್ಲ ಬಸುರಿಯರಿಗೂ ಪರೀಕ್ಷೆ ಮಾಡಲು ಆದೇಶ ಹೊರಡಿಸಿತು. 2014ರಲ್ಲಿ ಕೇಂದ್ರ ಸರ್ಕಾರ ಇದೇ ದಾರಿಯ ಮಾರ್ಗಸೂಚಿ ತಂದು, 2018ರಲ್ಲಿ ಅದನ್ನು ಪರಿಷ್ಕರಿಸಿತು.

ಈ ಪರೀಕ್ಷೆ ಕೆಲವು ಪ್ರಕರಣಗಳನ್ನು ತಪ್ಪಿಸಿಕೊಳ್ಳುತ್ತದೆ ಎಂಬ ವಾದ ವೈದ್ಯರ ನಡುವೆ ಇದೆ. ಖಾಲಿ ಹೊಟ್ಟೆಯಲ್ಲಿ ಮೂರು ಸಲ ರಕ್ತ ತೆಗೆಯುವ ಪರೀಕ್ಷೆಯನ್ನು ನಿಮ್ಮ ವೈದ್ಯರು ಹೇಳಿದರೆ ಅದೂ ಸರಿಯೇ. ಯಾವುದಾದರೂ ಒಂದು ಆಗಬೇಕು ಎಂಬುದಷ್ಟೇ ಮುಖ್ಯ.

ಮಾರ್ಗಸೂಚಿಯ ಪ್ರಕಾರ ಈ ಪರೀಕ್ಷೆ ಎರಡು ಸಲ. ಬಸಿರಾಗಿ ಮೊದಲು ಆಸ್ಪತ್ರೆಗೆ ಹೋದಾಗ ಒಂದು, ಅದು ಸರಿಯಿದ್ದರೆ 24ರಿಂದ 28 ವಾರದ ನಡುವೆ ಇನ್ನೊಂದು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು.

ಪಿಸಿಓಡಿ ಇದ್ದವರು ಆ ಮೊದಲನೆಯದನ್ನು ಬಿಡಲೇಬಾರದು. ಯಾಕೆಂದರೆ ಅವರಲ್ಲಿ ಕೆಲವರಿಗೆ ಬಸಿರಿಗೆ ಮೊದಲೇ ಸಕ್ಕರೆ ಏರಿರುತ್ತದೆ, ಗೊತ್ತಿರುವುದಿಲ್ಲ. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲಿ. ಏಳನೇ ತಿಂಗಳಲ್ಲಿ ಪರೀಕ್ಷಿಸಿದರೆ ಆ ಕಾಲ ದಾಟಿಹೋಗಿರುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2018ರಲ್ಲಿ ಬಂದು 2023ರಲ್ಲಿ ಪರಿಷ್ಕೃತವಾದ ಪಿಸಿಓಎಸ್ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಗು ಬೇಕು ಎಂದು ಚಿಕಿತ್ಸೆ ಶುರು ಮಾಡುವಾಗಲೇ ಗ್ಲೂಕೋಸ್ ಪರೀಕ್ಷೆ ಮಾಡಿ ಎನ್ನುತ್ತದೆ ಅದು.

ಮೇಕೆ ಸೊಪ್ಪಿನಿಂದ ಬಂದ ಮಾತ್ರೆ

ಪಿಸಿಓಡಿ ಇರುವ ಬಹಳ ಮಂದಿಗೆ ಮೆಟ್‌ಫಾರ್ಮಿನ್ ಮಾತ್ರೆ ಗೊತ್ತು. ಯುರೋಪಿನಲ್ಲಿ ಮೇಕೆಗಳ ಹೆಸರಿನಿಂದ ಕರೆಯುವ ಗಲೇಗ ಎಂಬ ಗಿಡದ ಸೊಪ್ಪಿನಿಂದ ಇದರ ಚರಿತ್ರೆ ಶುರು. ಆ ಗಿಡದ ಸಾರಕ್ಕೆ ಸಕ್ಕರೆ ಇಳಿಸುವ ಗುಣವಿದೆ ಎಂದು ತಿಳಿದ ಮೇಲೆ ಅದರ ಹತ್ತಿರದ ರಾಸಾಯನಿಕಗಳನ್ನು ತಯಾರಿಸಿದರು. 1957ರಲ್ಲಿ ಪ್ಯಾರಿಸ್ಸಿನ ಝಾನ್ ಸ್ಟೆರ್ನ್ ಎಂಬ ವೈದ್ಯರು ಮೆಟ್‌ಫಾರ್ಮಿನ್ನನ್ನು ರೋಗಿಗಳಿಗೆ ಕೊಟ್ಟು ವರದಿ ಮಾಡಿದರು. ಇದು ತೂಬಿನ ತುಕ್ಕನ್ನು ಸ್ವಲ್ಪ ಸಡಿಲಿಸುವ ಎಣ್ಣೆಯಂತೆ.

ಬಸುರಿಯರಿಗೆ ಇದನ್ನು ಮೊದಲು ಕೊಟ್ಟವರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವೈದ್ಯರು ಇದ್ದಾರೆ, 1970ರ ದಶಕದಲ್ಲಿ. 2008ರಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ 751 ಬಸುರಿಯರ ಅಧ್ಯಯನದಲ್ಲಿ ಮಾತ್ರೆ ತೆಗೆದುಕೊಂಡವರ ಮಕ್ಕಳಿಗೂ ಇನ್ಸುಲಿನ್ ತೆಗೆದುಕೊಂಡವರ ಮಕ್ಕಳಿಗೂ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 46 ಮಂದಿಗೆ ಕೊನೆಗೆ ಇನ್ಸುಲಿನ್ನೂ ಬೇಕಾಯಿತು.

ಹಾಗಾದರೆ ಪಿಸಿಓಡಿ ಇದ್ದವರು ಮಾತ್ರೆ ನುಂಗುತ್ತಾ ಹೋದರೆ ಶುಗರ್ ಬರುವುದೇ ಇಲ್ಲವೇ? ಹಾಗೆ ನಂಬಿದವರು ಬಹಳ. ನಾರ್ವೆಯ ವೈದ್ಯರು ಇದನ್ನು ಎರಡು ಸಲ ಪರೀಕ್ಷಿಸಿದರು, 2010 ಮತ್ತು 2019ರಲ್ಲಿ ಫಲಿತಾಂಶ ಬಂತು. ಪಿಸಿಓಎಸ್ ಇರುವ ಬಸುರಿಯರಲ್ಲಿ ಮೆಟ್‌ಫಾರ್ಮಿನ್ ಕೊಟ್ಟರೂ ಶುಗರ್ ಬರುವುದು ಕಡಿಮೆಯಾಗಲಿಲ್ಲ. "ನಾನು ಮಾತ್ರೆ ತಗೋತಿದ್ದೀನಲ್ಲ, ಪರೀಕ್ಷೆ ಯಾಕೆ" ಎಂಬ ಮಾತಿಗೆ ಉತ್ತರ ಇಲ್ಲಿದೆ. ಮಾತ್ರೆ ಇದ್ದರೂ ಪರೀಕ್ಷೆ ಬೇಕು. ಬಸಿರು ಎಂದು ಗೊತ್ತಾದ ದಿನ ಮಾತ್ರೆಯನ್ನು ತಾನಾಗಿ ನಿಲ್ಲಿಸುವುದೂ ಬೇಡ, ತಾನಾಗಿ ಮುಂದುವರಿಸುವುದೂ ಬೇಡ. ವೈದ್ಯರನ್ನು ಕೇಳಿ.

ಇನ್ಸುಲಿನ್ ಸೂಜಿ ಎಂದರೆ ನಮ್ಮಲ್ಲಿ ಭಯ. "ಒಮ್ಮೆ ಹಿಡಿದರೆ ಬಿಡಲ್ಲ" ಎನ್ನುತ್ತಾರೆ. ಬಸಿರಿನ ಶುಗರಿಗೆ ಹಿಡಿದ ಇನ್ಸುಲಿನ್ ಹೆಚ್ಚಿನವರಿಗೆ ಹೆರಿಗೆಯ ನಂತರ ನಿಲ್ಲುತ್ತದೆ. ಅದು ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ ಎಂಬುದನ್ನು ಮೇಲೆಯೇ ನೋಡಿದೆವು.

ನಮ್ಮ ತಟ್ಟೆ

ಮಾರ್ಗಸೂಚಿ ಮೊದಲು ಹೇಳುವುದು ಮಾತ್ರೆಯನ್ನಲ್ಲ, ಊಟವನ್ನು. ಎರಡು ವಾರ ಊಟ ಸರಿಪಡಿಸಿ, ನಡೆದಾಡಿ ನೋಡುತ್ತಾರೆ. ಊಟವಾಗಿ ಎರಡು ಗಂಟೆಗೆ ಸಕ್ಕರೆ 120ಕ್ಕಿಂತ ಕೆಳಗೆ ಇದ್ದರೆ ಊಟದಲ್ಲೇ ಮುಂದುವರಿಕೆ. ಇಳಿಯದಿದ್ದರೆ ಔಷಧ.

ನಮ್ಮ ಮನೆಗಳಲ್ಲಿ ಬಸುರಿಗೆ "ಇಬ್ಬರ ಊಟ ಮಾಡು" ಎನ್ನುತ್ತಾರೆ. ಬಯಕೆ ಊಟ, ಸೀಮಂತದ ಸಿಹಿ, ತವರಿನ ಉಂಡೆ. ಪ್ರೀತಿಯಿಂದ ಕೊಡುವುದನ್ನು ಬೇಡ ಎನ್ನುವುದು ಸೊಸೆಗೆ ಕಷ್ಟ. ಹಾಗಾಗಿ ಇದನ್ನು ಅತ್ತೆಯಂದಿರೂ ಅಮ್ಮಂದಿರೂ ಓದಲಿ ಎಂದು ನಮ್ಮ ಆಸೆ. ಬೆಲ್ಲ ಸಕ್ಕರೆಗಿಂತ ಕ್ಷೇಮ ಎಂಬುದು ನಿಜವಲ್ಲ, ರಕ್ತಕ್ಕೆ ಎರಡೂ ಒಂದೇ. ರಾಗಿ ಒಳ್ಳೆಯದು, ಆದರೆ ಮುದ್ದೆಯೂ ಪಿಷ್ಟವೇ. ದೊಡ್ಡ ಎರಡು ಮುದ್ದೆಗಿಂತ ಸಣ್ಣದೊಂದು ಮುದ್ದೆ, ಜೊತೆಗೆ ಗಟ್ಟಿ ಸೊಪ್ಪಿನ ಸಾರು, ಕಾಳು, ಮೊಟ್ಟೆ ಅಥವಾ ಮೊಸರು ಇದ್ದರೆ ಸಕ್ಕರೆ ನಿಧಾನ ಏರುತ್ತದೆ. ಜೋಳದ ರೊಟ್ಟಿಗೂ ಇದೇ ಲೆಕ್ಕ. ರಾಗಿ ಗಂಜಿ, ಹಣ್ಣಿನ ರಸ ಕುಡಿದರೆ ಬೇಗ ಏರುತ್ತದೆ. ಹಣ್ಣನ್ನು ಕಚ್ಚಿ ತಿನ್ನಿ.

ಒಂದೇ ಸಲ ತುಂಬಾ ತಿನ್ನುವ ಬದಲು ಮೂರು ಊಟ, ನಡುವೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ. ನೆನೆಸಿದ ಹೆಸರುಕಾಳು, ಹುರಿಗಡಲೆ, ಮಜ್ಜಿಗೆ ಎಲ್ಲ ಆಗುತ್ತದೆ. ಅಂಗನವಾಡಿಯ ಮಾತೃಪೂರ್ಣ ಊಟ ಬಿಡಬೇಡಿ. ಮೊಟ್ಟೆ, ಹಾಲು ಇರಲಿ, ಅನ್ನ ಎಷ್ಟು, ಬೆಲ್ಲದ ಚಿಕ್ಕಿ ಬೇಕೇ ಎಂದು ನರ್ಸನ್ನು ಕೇಳಿ. ಶುಗರ್ ಇಳಿಯಲಿ ಎಂದು ಉಪವಾಸ ಮಾಡುವುದು ಮಾತ್ರ ಅಪಾಯ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಪ್ಪಿ ಕೈ ನಡುಗಿ, ಬೆವರಿ, ಕಣ್ಣು ಕತ್ತಲಿಟ್ಟರೆ ಕೂಡಲೇ ಒಂದು ಲೋಟ ನೀರಿಗೆ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆ ಹಾಕಿ ಕುಡಿಸಬೇಕು.

ಹೆರಿಗೆಯಾದ ಆರು ವಾರಕ್ಕೆ

ಈ ಚರಿತ್ರೆಯಲ್ಲಿ ನಮ್ಮ ಊರುಗಳು ಹೆಚ್ಚಾಗಿ ಕೈಬಿಡುವ ಪುಟ ಕೊನೆಯದು. ಹೆರಿಗೆಯಾದ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ ಆಗಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಆ ಹೊತ್ತಿಗೆ ತಾಯಿ ತವರಿನಲ್ಲಿ ಬಾಣಂತನದ ಕೋಣೆಯಲ್ಲಿ ಇರುತ್ತಾಳೆ, ಅಂಟಿನುಂಡೆ ತಿನ್ನುತ್ತಾ. ಗಂಡನ ಊರಿನ ಆಶಾಗೆ ಅವಳು ಸಿಗುವುದಿಲ್ಲ, ತವರಿನ ಆಶಾಗೆ ಅವಳ ಶುಗರ್ ಗೊತ್ತಿರುವುದಿಲ್ಲ. ಮಗುವಿನ ಆರು ವಾರದ ಲಸಿಕೆ ಮಾತ್ರ ಯಾರೂ ತಪ್ಪಿಸುವುದಿಲ್ಲ. ಮಗುವಿಗೆ ಲಸಿಕೆ ಹಾಕಿಸುವ ದಿನವೇ ತಾಯಿಗೂ ಈ ಪರೀಕ್ಷೆ ಆಗಲಿ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ. ಬಸಿರಿನಲ್ಲಿ ಶುಗರ್ ಬಂದಿದ್ದ ಪಿಸಿಓಡಿ ಹೆಂಗಸಿಗೆ ತೂಬಿನ ಬಿಗಿ ಹೆರಿಗೆಯೊಂದಿಗೆ ಹೋಗುವುದಿಲ್ಲ.

ಇನ್ನೊಂದು ಮಾತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ವೈದ್ಯರಿಗೇ ಗೊತ್ತಾಗದ ಸಂಗತಿಗೆ ಒಬ್ಬ ಸೊಸೆಯನ್ನು ದೂರುವುದು ನ್ಯಾಯವಲ್ಲ. ಅವಳು ಸಿಹಿ ತಿಂದದ್ದರಿಂದ ಪಿಸಿಓಡಿ ಬಂದದ್ದಲ್ಲ, ಅವಳ ಸೋಮಾರಿತನದಿಂದ ಶುಗರ್ ಬಂದದ್ದಲ್ಲ. ದೂರುವ ಮನೆಯಲ್ಲಿ ಹೆಂಗಸರು ಹಳೆಯ ಫೈಲನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಫೈಲಿನಿಂದ ತಾಯಿಗೂ ಮಗುವಿಗೂ ನಷ್ಟ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಪಿಸಿಓಡಿಗೆ ಚಿಕಿತ್ಸೆ ಪಡೆದು ಬಸಿರಾದವರು ಇದ್ದರೆ ಆ ಫೈಲನ್ನು ಬೀರುವಿನಿಂದ ಹೊರಗೆ ತೆಗೆಸಿ, ತಾಯಿ ಕಾರ್ಡಿನ ಜೊತೆ ಇಡಿಸಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅವತ್ತು ಎರಡನ್ನೂ ಒಟ್ಟಿಗೆ ಡಾಕ್ಟರ ಮುಂದೆ ಇಟ್ಟು "ನನಗೆ ಪಿಸಿಓಡಿ ಇತ್ತು, ಗ್ಲೂಕೋಸ್ ಪರೀಕ್ಷೆ ಈಗಲೇ ಮಾಡಿ" ಎಂದು ಹೇಳಲಿ. ಎರಡು ಗಂಟೆ ಕಾಯಬೇಕಾಗುತ್ತದೆ, ಕಾಯಲಿ.